ತಂದೆಯ ಕಂಪ್ಯೂಟರಿನಿಂದ ಸ್ಪೈವೇರ್ ತೆಗೆಯುವುದು: ಸ್ಕ್ಯಾನ್ ಮುಗಿದ ಮೇಲೆ ಉಳಿಯುವ ಕೆಲಸ

ಪ್ರಶ್ನೆ: ನನ್ನ ತಂದೆ ನಿವೃತ್ತ ಹೈಸ್ಕೂಲ್ ಶಿಕ್ಷಕರು, ತೀರ್ಥಹಳ್ಳಿಯ ಹತ್ತಿರ ಅಮ್ಮನೊಂದಿಗೆ ಇದ್ದಾರೆ. ನಾನು ಬೆಂಗಳೂರಿನಲ್ಲಿದ್ದೇನೆ. ನುಡಿ ತಂತ್ರಾಂಶ ಬೇಕೆಂದು ಅವರು ಯಾವುದೋ ತಾಣದಿಂದ ಒಂದು ಫೈಲ್ ಇಳಿಸಿಕೊಂಡ ಮೇಲೆ, ಕ್ರೋಮ್ ತೆರೆದರೆ ಬೇರೆಯದೇ ಹುಡುಕುತಾಣ ಬರುತ್ತಿದೆ. ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ’ ಎಂಬ ಎಚ್ಚರಿಕೆ ಆಗಾಗ ಮೂಡುತ್ತದೆ. ಪರಿಚಯದವರೊಬ್ಬರು ಆಂಟಿವೈರಸ್ ಹಾಕಿ ಸ್ಕ್ಯಾನ್ ಮಾಡಿಕೊಟ್ಟರು. ಕೆಲವು ಫೈಲುಗಳು ಹೋದವು, ಆದರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಈಗ ಕೆಲವೊಮ್ಮೆ ಯಾವ ತಾಣವೂ ತೆರೆಯುವುದಿಲ್ಲ, ಹಳೆಯ ಕನ್ನಡ ಫೈಲುಗಳಲ್ಲಿ ಇಂಗ್ಲಿಷ್ ಅಕ್ಷರಗಳು ಕಲಸಿಕೊಂಡಂತೆ ಕಾಣುತ್ತವೆ. ಪಿಂಚಣಿ ಖಾತೆಯ ನೆಟ್ ಬ್ಯಾಂಕಿಂಗ್ ಕೂಡ ಇದೇ ಕಂಪ್ಯೂಟರಿನಲ್ಲಿ. ಮುಂದಿನ ವಾರ ಊರಿಗೆ ಹೋಗುತ್ತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮುಂದಿನ ವಾರದವರೆಗೆ ಕಾಯಬೇಡಿ. ಇದು ಸ್ಪೈವೇರ್, ಅಂದರೆ ಗುಟ್ಟಾಗಿ ಸೇರಿಕೊಂಡು ಮಾಹಿತಿ ಕದಿಯುವ ತಂತ್ರಾಂಶ, ಇರಬಹುದು. ಕಂಪ್ಯೂಟರನ್ನು ಶುಚಿಗೊಳಿಸುವುದು ಒಂದು ವಾರ ತಡವಾದರೆ ಅಡ್ಡಿಯಿಲ್ಲ, ಆದರೆ ಅದರಿಂದ ಈಗಾಗಲೇ ಹೊರಗೆ ಹೋಗಿರಬಹುದಾದ ಪಾಸ್‌ವರ್ಡುಗಳನ್ನು ಕೆಲಸಕ್ಕೆ ಬಾರದಂತೆ ಮಾಡುವುದು ಇಂದೇ ಆಗಬೇಕು. ತಂದೆಯವರಿಗೆ ಫೋನ್ ಮಾಡಿ, ರೂಟರಿನಿಂದ ಬರುವ ಕೇಬಲ್ ಕಳಚಲು ಅಥವಾ ಕಂಪ್ಯೂಟರಿನ ವೈಫೈ ಆಫ್ ಮಾಡಲು ಹೇಳಿ. ನೀವು ಬರುವವರೆಗೆ ಅದರಲ್ಲಿ ಇಂಟರ್ನೆಟ್ ಬಳಸುವುದು ಬೇಡವೆಂದು ಒಪ್ಪಿಸಿ. ಬಳಿಕ ಅವರ ಮೊಬೈಲಿನಿಂದ, ನೀವು ಫೋನಿನಲ್ಲಿ ಜೊತೆಗಿದ್ದು, ಮೊದಲು ಇಮೇಲಿನ ಪಾಸ್‌ವರ್ಡ್ ಬದಲಿಸಿ, ಆಮೇಲೆ ನೆಟ್ ಬ್ಯಾಂಕಿಂಗಿನದು, ನಂತರ ಉಳಿದವು. ಇಮೇಲನ್ನು ಮೊದಲಿಗೆ ಇಟ್ಟದ್ದಕ್ಕೆ ಕಾರಣವಿದೆ: ಬೇರೆ ಬಹುತೇಕ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಅಲ್ಲಿಗೇ ಬರುತ್ತದೆ. ಅದು ಇನ್ನೊಬ್ಬರ ಕೈಯಲ್ಲಿರುವ ತನಕ ಉಳಿದವನ್ನು ಎಷ್ಟು ಸಲ ಬದಲಿಸಿದರೂ ಉಪಯೋಗವಿಲ್ಲ.

ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ದಾಖಲಿಸುತ್ತ ತಿಂಗಳುಗಟ್ಟಲೆ ಅಡಗಿ ಕೂರುವ ಸ್ಪೈವೇರ್ ಈಗಲೂ ಇದೆಯಾದರೂ, ಇತ್ತೀಚಿನ ವರ್ಷಗಳಲ್ಲಿ ಹೆಚ್ಚಾಗಿ ಹರಡಿರುವುದು ಮಾಹಿತಿ ಕದಿಯುವ ಇನ್ನೊಂದು ಬಗೆ. ಅದು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ, ನೀವು ಆಗಲೇ ಲಾಗಿನ್ ಆಗಿದ್ದೀರಿ ಎಂದು ತಾಣಕ್ಕೆ ತಿಳಿಸುವ ಕುಕಿಗಳನ್ನೂ ಒಟ್ಟಾಗಿ ಬಾಚಿಕೊಂಡು ಕೆಲವೇ ನಿಮಿಷಗಳಲ್ಲಿ ಹೊರಗೆ ಕಳುಹಿಸಿಬಿಡುತ್ತದೆ. 2025ರ ಮೇ ತಿಂಗಳಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಅಮೆರಿಕದ ನ್ಯಾಯ ಇಲಾಖೆ, ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮೊದಲಾದವರ ಜೊತೆಗೂಡಿ ಲುಮ್ಮಾ ಎಂಬ ಇಂಥದೇ ತಂತ್ರಾಂಶದ ಬೆನ್ನೆಲುಬಾಗಿದ್ದ ಸುಮಾರು 2,300 ಡೊಮೈನುಗಳನ್ನು (ತಾಣದ ವಿಳಾಸಗಳನ್ನು) ನಿಲ್ಲಿಸಿತು. ಅದಕ್ಕೆ ಹಿಂದಿನ ಎರಡೇ ತಿಂಗಳಲ್ಲಿ ಜಗತ್ತಿನಾದ್ಯಂತ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರುಗಳಲ್ಲಿ ಅದು ಪತ್ತೆಯಾಗಿತ್ತು. ಕುಕಿ ಕದ್ದವನಿಗೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಆದ್ದರಿಂದ ಗೂಗಲ್ ಖಾತೆಯ ಭದ್ರತಾ ಪುಟದಲ್ಲಿ ಯಾವ ಯಾವ ಸಾಧನಗಳಲ್ಲಿ ಲಾಗಿನ್ ಆಗಿದೆ ಎಂಬ ಪಟ್ಟಿಯನ್ನು ತೆರೆದು, ತಂದೆಯವರ ಮೊಬೈಲ್ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ಲಾಗ್‌ಔಟ್ ಮಾಡಿಸಿ. ಜಿಮೇಲಿನ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಎಂಬ ಎರಡು ಭಾಗಗಳನ್ನು ತಪ್ಪದೆ ನೋಡಿ. ಬ್ಯಾಂಕಿನಿಂದ ಬಂದ ಪತ್ರಗಳನ್ನು ಬೇರೆ ವಿಳಾಸಕ್ಕೆ ಕಳುಹಿಸಿ ಇಲ್ಲಿಂದ ಅಳಿಸಿಬಿಡುವ ನಿಯಮವನ್ನು ಅಲ್ಲಿ ಸೇರಿಸಿಟ್ಟಿದ್ದರೆ, ಪಾಸ್‌ವರ್ಡ್ ಬದಲಾದ ಮೇಲೂ ಅದು ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಖಾತೆ ಮರಳಿ ಪಡೆಯಲು ಕೊಟ್ಟಿರುವ ಮೊಬೈಲ್ ಸಂಖ್ಯೆ ಅವರದೇ ಹೌದೇ ಎಂದೂ, ವಾಟ್ಸ್ಆ್ಯಪ್‌ನ ಲಿಂಕ್ಡ್ ಡಿವೈಸಸ್ ಪಟ್ಟಿಯಲ್ಲಿ ಗುರುತಿಲ್ಲದ ಕಂಪ್ಯೂಟರ್ ಇದೆಯೇ ಎಂದೂ ನೋಡಿಕೊಳ್ಳಿ.

ಇದೇ ಮಾತುಕತೆಯಲ್ಲಿ ಒಂದು ಪ್ರಶ್ನೆ ಕೇಳಬೇಕು: ಈ ನಡುವೆ ಯಾರಾದರೂ ಫೋನ್ ಮಾಡಿ, ಬ್ಯಾಂಕಿನವರು ಅಥವಾ ಕಂಪ್ಯೂಟರ್ ಕಂಪನಿಯವರು ಎಂದು ಹೇಳಿಕೊಂಡು, ಎನಿಡೆಸ್ಕ್, ಟೀಮ್‌ವ್ಯೂವರ್, ಅಲ್ಟ್ರಾವ್ಯೂವರ್ ಮುಂತಾದ ಏನನ್ನಾದರೂ ಹಾಕಿಸಿದರೇ? ಇವು ಸ್ಪೈವೇರ್ ಅಲ್ಲ. ದೂರದಿಂದ ಸಹಾಯ ಮಾಡಲು ಕಚೇರಿಗಳಲ್ಲಿ ನಿತ್ಯ ಬಳಸುವ ಉಪಕರಣಗಳು. ಆದ್ದರಿಂದಲೇ ಆಂಟಿವೈರಸ್ ಇವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ವಂಚಕರಿಗೆ ಇವು ಪ್ರಿಯವಾಗಿರುವುದೂ ಅದಕ್ಕಾಗಿಯೇ. ಹೌದು ಎಂದು ಹೇಳಲು ತಂದೆಯವರಿಗೆ ಸಂಕೋಚವಾಗದಂತೆ ಕೇಳಿ. ಜೀವನವಿಡೀ ತರಗತಿಯಲ್ಲಿ ನಿಂತು ಪಾಠ ಹೇಳಿದವರು, ಮಗನ ಮುಂದೆ ತಾನು ಮೋಸಹೋದೆ ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಬೈಸಿಕೊಳ್ಳುವ ಭಯದಿಂದ ಅವರು ಮುಚ್ಚಿಟ್ಟ ಒಂದು ಸಂಗತಿ ಇಡೀ ದುರಸ್ತಿಯನ್ನು ದಾರಿ ತಪ್ಪಿಸಬಲ್ಲದು. ಖಾತೆಯಿಂದ ಹಣವೇನಾದರೂ ಹೋಗಿದ್ದರೆ ಉಳಿದೆಲ್ಲವನ್ನೂ ಬಿಟ್ಟು ಸೈಬರ್ ವಂಚನೆಯ ದೂರಿಗೆಂದೇ ಇರುವ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿ, ಬ್ಯಾಂಕಿಗೂ ಕೂಡಲೇ ಲಿಖಿತವಾಗಿ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕ ತಾನೇ ಮಾಹಿತಿ ಕೊಟ್ಟು ಮೋಸಹೋಗಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ತಿಳಿಸಿದ ಹೊತ್ತಿಗೆ ಅಷ್ಟು ಬೆಲೆಯಿದೆ.

ಇನ್ನು ಕಂಪ್ಯೂಟರಿನ ವಿಷಯ. ನೀವು ಬರೆದ ತೊಂದರೆಗಳೆಲ್ಲ ಒಂದೇ ಮೂಲದಿಂದ ಬಂದಿರಬೇಕೆಂದಿಲ್ಲ. ಬಲಮೂಲೆಯಲ್ಲಿ ಮೂಡುವ ವೈರಸ್ ಎಚ್ಚರಿಕೆ ಬಹುಪಾಲು ವೈರಸ್ಸಿನ ಕೆಲಸವೇ ಅಲ್ಲ. ಯಾವುದೋ ತಾಣ ‘ನೋಟಿಫಿಕೇಶನ್ ಕಳುಹಿಸಲೇ’ ಎಂದು ಕೇಳಿದಾಗ ಗಮನಿಸದೆ ‘ಅಲೋ’ ಒತ್ತಿರುತ್ತೇವೆ. ಅಂದಿನಿಂದ ಆ ತಾಣ ಕ್ರೋಮ್ ಮೂಲಕವೇ ಜಾಹೀರಾತುಗಳನ್ನು ಎಚ್ಚರಿಕೆಯ ವೇಷದಲ್ಲಿ ಕಳುಹಿಸುತ್ತದೆ. ಎಂಥ ಆಂಟಿವೈರಸ್ಸಿಗೂ ಅಲ್ಲಿ ತೆಗೆದುಹಾಕಲು ಒಂದು ಫೈಲೂ ಸಿಗದಿರುವುದರಿಂದ ಸ್ಕ್ಯಾನ್ ಆದ ಮೇಲೂ ಅವು ಬರುತ್ತಲೇ ಇರುತ್ತವೆ. ಕ್ರೋಮ್ ಸೆಟ್ಟಿಂಗ್ಸ್‌ನ ಪ್ರೈವಸಿ ಭಾಗದಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆದು, ಅನುಮತಿ ಪಡೆದ ತಾಣಗಳನ್ನೆಲ್ಲ ತೆಗೆದುಹಾಕಿ, ಮುಂದೆ ಯಾವ ತಾಣವೂ ಕೇಳದಂತೆ ಆಯ್ಕೆ ಮಾಡಿಡಿ. ಪರದೆ ತುಂಬ ಕೆಂಪು ಪುಟ ಬಂದು ಸಹಾಯಕ್ಕೆ ಒಂದು ಫೋನ್ ನಂಬರ್ ತೋರಿಸಿದರೆ ಅದು ಖಂಡಿತ ಮೋಸ, ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಇದೊಂದನ್ನು ತಂದೆಯವರಿಗೂ ಅಮ್ಮನಿಗೂ ಮನಮುಟ್ಟುವಂತೆ ಹೇಳಿ.

ತೆಗೆದದ್ದು ಮತ್ತೆ ಹುಟ್ಟುವುದಕ್ಕೆ ಬೇರೆ ಕಾರಣಗಳಿವೆ. ಸ್ಪೈವೇರ್ ಎಂದರೆ ಒಂದು ಫೈಲ್ ಎಂದುಕೊಂಡು ನಾವು ಹುಡುಕುತ್ತೇವೆ. ಆದರೆ ಅದು ಬಂದಾಗ ಕಂಪ್ಯೂಟರಿನ ಹತ್ತಾರು ಸೆಟ್ಟಿಂಗ್‌ಗಳನ್ನು ತನಗೆ ಬೇಕಾದಂತೆ ತಿರುಗಿಸಿಕೊಂಡಿರುತ್ತದೆ. ಆಂಟಿವೈರಸ್ ಫೈಲನ್ನು ಅಳಿಸುತ್ತದೆ, ತಿರುಗಿಸಿದ ಸೆಟ್ಟಿಂಗ್‌ಗಳನ್ನು ಎಷ್ಟೋ ಸಲ ಹಾಗೆಯೇ ಬಿಡುತ್ತದೆ. ಕಳ್ಳನನ್ನು ಹೊರಗಟ್ಟಿ ಹಿತ್ತಿಲ ಬಾಗಿಲ ಚಿಲಕ ಹಾಕದೆ ಮಲಗಿದಂತೆ ಇದು.

ಮೊದಲು ಸ್ಕ್ಯಾನ್ ಮಾಡುವ ಮುನ್ನ ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ರಕ್ಷಣೆಯ ಸೆಟ್ಟಿಂಗ್ಸ್‌ನ ಕೊನೆಯಲ್ಲಿರುವ ‘ಎಕ್ಸ್‌ಕ್ಲೂಶನ್ಸ್’ ಪಟ್ಟಿ ನೋಡಿ. ಯಾವ ಜಾಗಗಳನ್ನು ಸ್ಕ್ಯಾನ್ ಮಾಡಬಾರದು ಎಂಬುದರ ಪಟ್ಟಿ ಅದು. ಮನೆಯ ಕಂಪ್ಯೂಟರಿನಲ್ಲಿ ಅದು ಖಾಲಿ ಇರಬೇಕು. ಅಕ್ರಮವಾಗಿ ವಿಂಡೋಸ್ ಅಥವಾ ಆಫೀಸ್ ಸಕ್ರಿಯಗೊಳಿಸುವ ಸಾಧನಗಳನ್ನು ಯಾರಾದರೂ ಹಾಕಿಕೊಟ್ಟಿದ್ದರೆ ಅಲ್ಲಿ ಇಡೀ ಸಿ ಡ್ರೈವ್ ಸೇರಿರುವುದೂ ಉಂಟು. ಹಾಗಿದ್ದಾಗ ಎಷ್ಟು ಸ್ಕ್ಯಾನ್ ಮಾಡಿದರೂ ಏನೂ ಸಿಗಲಿಲ್ಲ ಎಂದೇ ಉತ್ತರ ಬರುತ್ತದೆ. ಪಟ್ಟಿಯನ್ನು ಖಾಲಿ ಮಾಡಿ, ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರಿನ ಹೊಸ ಅಪ್‌ಡೇಟ್ ಇಳಿಸಿಕೊಳ್ಳಲು ಬೇಕಾದಷ್ಟು ಹೊತ್ತು ಮಾತ್ರ ಇಂಟರ್ನೆಟ್ ಕೊಟ್ಟು, ಅದರಲ್ಲಿರುವ ‘ಆಫ್‌ಲೈನ್ ಸ್ಕ್ಯಾನ್’ ಆರಿಸಿ. ಕಂಪ್ಯೂಟರ್ ಮರುಪ್ರಾರಂಭವಾಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಸುಮಾರು 15 ನಿಮಿಷ ಹುಡುಕಾಟ ನಡೆಯುತ್ತದೆ. ಆ ಹೊತ್ತಿನಲ್ಲಿ ಸ್ಪೈವೇರ್ ಚಾಲನೆಯಲ್ಲಿರದ ಕಾರಣ ತನ್ನನ್ನು ಮರೆಮಾಡಿಕೊಳ್ಳಲಾರದು. ಇದಾದ ಮೇಲೆ ಮಾಲ್‌ವೇರ್‌ಬೈಟ್ಸ್ ಕಂಪನಿಯ ಆ್ಯಡ್‌ಕ್ಲೀನರ್‌ನಂಥ (AdwCleaner) ಎರಡನೆಯ ಸಾಧನವೊಂದರಿಂದ ಹುಡುಕಿಸುವುದು ಒಳ್ಳೆಯದು. ಅದನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದರ ಅಧಿಕೃತ ತಾಣದಿಂದಲೇ ಇಳಿಸಿ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಸೈಬರ್ ಭದ್ರತೆ ನೋಡಿಕೊಳ್ಳುವ ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿಯೂ ಇಂಥ ಉಚಿತ ಸಾಧನಗಳು ಸಿಗುತ್ತವೆ. ಸದಾ ಕಾವಲು ಕಾಯುವ ಎರಡು ಆಂಟಿವೈರಸ್‌ಗಳನ್ನು ಮಾತ್ರ ಒಟ್ಟಿಗೆ ಇಡಬೇಡಿ. ಅವು ಒಂದಕ್ಕೊಂದು ಅಡ್ಡಬಂದು ಕಂಪ್ಯೂಟರ್ ಇನ್ನಷ್ಟು ನಿಧಾನವಾಗುತ್ತದೆ.

ಇನ್ನು ಮರುಹುಟ್ಟಿನ ಜಾಗಗಳು. ಡೆಸ್ಕ್‌ಟಾಪಿನಲ್ಲಿರುವ ಕ್ರೋಮ್ ಐಕಾನಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆಯಿರಿ. ಟಾರ್ಗೆಟ್ ಎಂಬ ಪೆಟ್ಟಿಗೆಯ ಸಾಲು ಉದ್ದವಾಗಿರುವುದರಿಂದ ಅದರ ಕೊನೆ ಕಣ್ಣಿಗೆ ಬೀಳುವುದಿಲ್ಲ. ಒಳಗೆ ಕ್ಲಿಕ್ ಮಾಡಿ ಎಂಡ್ ಕೀಲಿ ಒತ್ತಿ. ಸಾಲು ‘ಕ್ರೋಮ್ ಡಾಟ್ ಇಎಕ್ಸ್‌ಇ’ ಎಂಬಲ್ಲಿಗೆ, ಉದ್ಧರಣ ಚಿಹ್ನೆಯೊಂದಿಗೆ ಮುಗಿಯಬೇಕು. ಅದರಾಚೆ ಒಂದು ಸ್ಪೇಸ್ ಬಿಟ್ಟು ಯಾವುದೋ ತಾಣದ ವಿಳಾಸ ಅಂಟಿಕೊಂಡಿದ್ದರೆ, ಕ್ರೋಮ್ ಒಳಗಿನ ಸೆಟ್ಟಿಂಗ್ಸ್ ಎಲ್ಲ ಸರಿಯಾಗಿದ್ದರೂ ಆ ಐಕಾನಿನಿಂದ ತೆರೆದಾಗಲೆಲ್ಲ ಆ ತಾಣವೇ ಬರುತ್ತದೆ. (ಅಲ್ಲಿ ಪ್ರೊಫೈಲಿನ ಹೆಸರು ಮಾತ್ರ ಇದ್ದರೆ ಅದು ಸಹಜ.) ಟಾಸ್ಕ್‌ಬಾರಿನ ಐಕಾನನ್ನೂ ಹೀಗೆಯೇ ನೋಡಿ.

ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ನಡೆಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಎರಡನೆಯ ಜಾಗ. ಅರ್ಥವಿಲ್ಲದ ಅಕ್ಷರಗಳ ಹೆಸರಿನ, ಲಾಗಿನ್ ಆದಾಗಲೋ ಗಂಟೆಗೊಮ್ಮೆಯೋ ಪವರ್‌ಶೆಲ್ (ಆದೇಶಗಳನ್ನು ನಡೆಸುವ ವಿಂಡೋಸ್ ಉಪಕರಣ) ಅನ್ನು ಅಥವಾ ಆ್ಯಪ್‌ಡೇಟಾ ಫೋಲ್ಡರಿನ ಒಳಗಿನ ಯಾವುದೋ ಫೈಲನ್ನು ಓಡಿಸುವ ಕೆಲಸ ಅಲ್ಲಿ ಕಂಡರೆ, ಅಳಿಸಿದ ಫೈಲನ್ನು ಮತ್ತೆ ಇಳಿಸಿಕೊಳ್ಳುತ್ತಿರುವುದು ಅದೇ ಇರಬಹುದು. ಇಂಥವನ್ನೆಲ್ಲ ಒಂದೇ ಕಡೆ ನೋಡಬೇಕೆಂದರೆ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಆಟೋರನ್ಸ್ ಎಂಬ ಉಪಕರಣವಿದೆ. ಮೈಕ್ರೋಸಾಫ್ಟಿನದೇ ಆದ ನಮೂದುಗಳನ್ನು ಅಡಗಿಸುವ ಆಯ್ಕೆಯನ್ನು ಹಾಕಿಕೊಂಡರೆ ಪಟ್ಟಿ ಚಿಕ್ಕದಾಗುತ್ತದೆ. ಅನುಮಾನ ಬಂದದ್ದನ್ನು ಮೊದಲಿಗೇ ಅಳಿಸದೆ, ಎದುರಿನ ಗುರುತನ್ನಷ್ಟೇ ತೆಗೆದು ಕಂಪ್ಯೂಟರ್ ಮರುಪ್ರಾರಂಭಿಸಿ ನೋಡಿ. ಪ್ರಿಂಟರಿನದೋ ಸ್ಕ್ಯಾನರಿನದೋ ಆಗಿದ್ದರೆ ಗುರುತನ್ನು ಮತ್ತೆ ಹಾಕಿದರಾಯಿತು.

ಮೂರನೆಯದು ಕ್ರೋಮ್ ಮೆನುವಿನ ಕೆಳತುದಿಯಲ್ಲಿ ‘ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬರ್ಥದ ಸಾಲು. ಮನೆಯ ಕಂಪ್ಯೂಟರಿಗೆ ಸಂಸ್ಥೆ ಯಾವುದು? ಕಂಪನಿಗಳು ತಮ್ಮ ನೌಕರರ ಬ್ರೌಸರನ್ನು ನಿಯಂತ್ರಿಸಲು ಬಳಸುವ ಪಾಲಿಸಿ ಎಂಬ ವ್ಯವಸ್ಥೆಯನ್ನೇ ಸ್ಪೈವೇರ್ ಬಳಸಿಕೊಂಡು, ತನ್ನ ಎಕ್ಸ್‌ಟೆನ್ಶನನ್ನು (ಬ್ರೌಸರಿಗೆ ಸೇರಿಸುವ ಕಿರು ತಂತ್ರಾಂಶವನ್ನು) ತೆಗೆಯಲು ಬಾರದಂತೆ ಬಿಗಿದಿರುತ್ತದೆ. ಕೆಲವು ಆಂಟಿವೈರಸ್‌ಗಳೂ ಈ ಸಾಲನ್ನು ತರಿಸುವುದರಿಂದ, ಕ್ರೋಮ್‌ನ ಪಾಲಿಸಿ ಪುಟ ತೆರೆದು ಯಾವ ನಿಯಮ ಇದೆಯೆಂದು ಓದಿ, ಅದು ಹುಡುಕುತಾಣವನ್ನೋ ಅಪರಿಚಿತ ಎಕ್ಸ್‌ಟೆನ್ಶನನ್ನೋ ಹೇರುತ್ತಿದ್ದರೆ ವಿಂಡೋಸ್ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯಲ್ಲಿ ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್ ಎಂಬ ಸರಣಿಯ ಕೆಳಗಿರುವ ಕ್ರೋಮ್ ಕೀಲಿಯನ್ನು ಒಂದು ಪ್ರತಿ ಉಳಿಸಿಕೊಂಡು ಅಳಿಸಿ. ಆಮೇಲೆ ಎಕ್ಸ್‌ಟೆನ್ಶನ್ ತೆಗೆದು, ಕ್ರೋಮ್ ಸೆಟ್ಟಿಂಗ್ಸ್ ಅನ್ನು ಮೂಲಸ್ಥಿತಿಗೆ ತರುವ ಆಯ್ಕೆ ಒತ್ತಿ; ಬುಕ್‌ಮಾರ್ಕುಗಳು ಇದರಿಂದ ಹೋಗುವುದಿಲ್ಲ. ಇಷ್ಟಾಗಿಯೂ ಎಕ್ಸ್‌ಟೆನ್ಶನ್ ಮರಳಿ ಬಂದರೆ ಅದು ಬರುತ್ತಿರುವುದು ಬ್ರೌಸರಿನ ಮಾಹಿತಿಯನ್ನು ಗೂಗಲ್ ಖಾತೆಯಲ್ಲಿ ಇಟ್ಟು ಮತ್ತೆ ತರುವ ಸಿಂಕ್‌ನಿಂದ ಇರಬಹುದು. ಬುಕ್‌ಮಾರ್ಕುಗಳನ್ನು ಫೈಲಾಗಿ ಉಳಿಸಿಕೊಂಡು ಸಿಂಕ್ ನಿಲ್ಲಿಸಿ, ಖಾತೆಯಲ್ಲಿರುವ ಸಿಂಕ್ ಮಾಹಿತಿಯನ್ನು ಅಳಿಸಬೇಕಾಗುತ್ತದೆ. ಹಲವರು ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೂ ಅದೇ ತೊಂದರೆ ಕಂಡು ಕಂಗಾಲಾಗುವುದು ಈ ಕಾರಣದಿಂದ.

ಯಾವ ತಾಣವೂ ತೆರೆಯದಿರುವುದಕ್ಕೆ ಪ್ರಾಕ್ಸಿ, ಅಂದರೆ ಬ್ರೌಸರ್ ಮತ್ತು ಇಂಟರ್ನೆಟ್ ನಡುವೆ ನಿಲ್ಲುವ ಮಧ್ಯವರ್ತಿ, ಕಾರಣವಿದ್ದೀತು. ಬ್ರೌಸರಿನ ಸಂಚಾರವೆಲ್ಲ ತನ್ನ ಮೂಲಕ ಹಾಯಲಿ ಎಂದು ಸ್ಪೈವೇರ್ 127.0.0.1 ಎಂಬ ವಿಳಾಸವನ್ನು, ಅಂದರೆ ಅದೇ ಕಂಪ್ಯೂಟರನ್ನು, ಪ್ರಾಕ್ಸಿಯಾಗಿ ನಮೂದಿಸಿರುತ್ತದೆ. ಆಂಟಿವೈರಸ್ ಸ್ಪೈವೇರನ್ನು ತೆಗೆದ ಮೇಲೆ ಆ ವಿಳಾಸದಲ್ಲಿ ಉತ್ತರಿಸುವವರು ಯಾರೂ ಇರುವುದಿಲ್ಲ, ಆದರೆ ಬ್ರೌಸರ್ ಅಲ್ಲಿಗೇ ಹೋಗಿ ಕಾಯುತ್ತದೆ. ವಿಂಡೋಸ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಪ್ರಾಕ್ಸಿ ತೆರೆದು, ಪ್ರಾಕ್ಸಿ ಸರ್ವರ್ ಬಳಸುವ ಆಯ್ಕೆಯನ್ನೂ ಸೆಟಪ್ ಸ್ಕ್ರಿಪ್ಟಿನ ಆಯ್ಕೆಯನ್ನೂ ಆಫ್ ಮಾಡಿ. ಸಿ ಡ್ರೈವಿನ ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ ಫೋಲ್ಡರುಗಳ ಒಳಗಿರುವ, ಯಾವ ತಾಣದ ಹೆಸರು ಎಲ್ಲಿಗೆ ಒಯ್ಯಬೇಕೆಂದು ಹೇಳುವ ಹೋಸ್ಟ್ಸ್ ಎಂಬ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ; ಮೂಲದಲ್ಲಿ ಅದರ ಸಾಲುಗಳೆಲ್ಲ ಹ್ಯಾಶ್ ಚಿಹ್ನೆಯಿಂದ ಶುರುವಾಗುತ್ತವೆ. ಆ ಚಿಹ್ನೆಯಿಲ್ಲದ ಸಾಲಿನಲ್ಲಿ ಬ್ಯಾಂಕಿನ ಅಥವಾ ಆಂಟಿವೈರಸ್ ಕಂಪನಿಯ ಹೆಸರಿದ್ದರೆ ಅದನ್ನು ಅಳಿಸಿ. ತಾಣದ ಹೆಸರನ್ನು ಸಂಖ್ಯೆಯ ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್ ಅನ್ನು ‘ಆಟೋಮ್ಯಾಟಿಕ್’ಗೆ ತನ್ನಿ. ಮನೆಯ ಮೊಬೈಲುಗಳಲ್ಲೂ ವೈಫೈ ಇದ್ದಾಗ ಮಾತ್ರ ವಿಚಿತ್ರ ತಾಣಗಳು ಬರುತ್ತಿದ್ದರೆ ಕಂಪ್ಯೂಟರನ್ನು ಬಿಟ್ಟು ರೂಟರನ್ನು ಮೂಲಸ್ಥಿತಿಗೆ ತಂದು ಅದರ ಪಾಸ್‌ವರ್ಡ್ ಬದಲಿಸಬೇಕು.

ಕನ್ನಡ ಫೈಲುಗಳ ಬಗ್ಗೆ ಗಾಬರಿ ಬೇಡ. ಅಕ್ಷರಗಳು ಕಲಸಿದಂತೆ ಕಂಡರೂ ಬರಹ ನಾಶವಾಗಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವನ್ನು ಕನ್ನಡವಾಗಿ ತೋರಿಸುವುದು ಫಾಂಟು. ಶುಚಿಗೊಳಿಸುವ ಭರದಲ್ಲಿ ಆ ಫಾಂಟು ಹೋಗಿದ್ದರೆ, ಅದನ್ನು ಮತ್ತೆ ಹಾಕಿದ ಕೂಡಲೇ ಬರಹ ಎಂದಿನಂತೆ ಕಾಣುತ್ತದೆ. ವಿಂಡೋಸ್‌ನ ಹಳೆಯ ಕನ್ನಡ ಫಾಂಟಾದ ತುಂಗದಲ್ಲಿದ್ದ ಫೈಲುಗಳ ಅಂದ ಕೆಟ್ಟಿದ್ದರೆ, ವಿಂಡೋಸ್‌ನ ಆಪ್ಷನಲ್ ಫೀಚರ್ಸ್ ಪಟ್ಟಿಯಲ್ಲಿರುವ ಕನ್ನಡದ ಹೆಚ್ಚುವರಿ ಫಾಂಟುಗಳನ್ನು ಸೇರಿಸಿಕೊಳ್ಳಿ. ಕನ್ನಡ ಕೀಲಿಮಣೆ ತಂತ್ರಾಂಶಗಳು ಒತ್ತಿದ ಪ್ರತಿ ಕೀಲಿಯನ್ನು ನಡುವೆ ಹಿಡಿದು ಕನ್ನಡ ಅಕ್ಷರವಾಗಿ ಬದಲಿಸಿ ಕೊಡುತ್ತವೆ. ಕೀಲಿ ಕದಿಯುವ ಸ್ಪೈವೇರಿನ ನಡೆಯೂ ಹೊರಗಿನಿಂದ ಹೀಗೇ ಕಾಣುವುದರಿಂದ ಆಂಟಿವೈರಸ್ ಕೆಲವೊಮ್ಮೆ ಇವನ್ನೂ ಶಂಕಿಸಬಹುದು. ತಂದೆಯವರು ಇಳಿಸಿಕೊಂಡಿದ್ದ ಫೈಲನ್ನಂತೂ ಮತ್ತೆ ಬಳಸಬೇಡಿ. ನುಡಿಯನ್ನು ಕನ್ನಡ ಗಣಕ ಪರಿಷತ್ತಿನ ತಾಣದಿಂದಲೇ ತನ್ನಿ. ಹೊಸ ಬರವಣಿಗೆಗೆ ವಿಂಡೋಸ್‌ನಲ್ಲೇ ಇರುವ ಕನ್ನಡ ಕೀಲಿಮಣೆ ಸಾಕು. 2019ರ ಮೇ ಅಪ್‌ಡೇಟಿನಿಂದ ಉಚ್ಚಾರಣೆಯ ಪ್ರಕಾರ ಟೈಪ್ ಮಾಡುವ ವಿನ್ಯಾಸವೂ ಅದರಲ್ಲಿದೆ.

ಇಷ್ಟೆಲ್ಲ ಮಾಡುವ ಬದಲು ಎಲ್ಲವನ್ನೂ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದರೆ ಆಗದೇ ಎಂದು ನೀವು ಕೇಳಬಹುದು. ತೊಂದರೆ ಬ್ರೌಸರಿನ ಮಟ್ಟದಲ್ಲೇ ಇದ್ದರೆ ಅದು ಬೇಕಿಲ್ಲ. ಆದರೆ ಅಪರಿಚಿತರೊಬ್ಬರು ದೂರದಿಂದ ಆ ಕಂಪ್ಯೂಟರನ್ನು ನಿಯಂತ್ರಿಸಿದ್ದರೆ, ಸ್ಕ್ಯಾನಿನಲ್ಲಿ ಪಾಸ್‌ವರ್ಡ್ ಕದಿಯುವ ತಂತ್ರಾಂಶದ ಹೆಸರು ಬಂದಿದ್ದರೆ, ಅಥವಾ ಡಿಫೆಂಡರನ್ನು ಆನ್ ಮಾಡಲು ಬಿಡದಂತೆ ಏನೋ ತಡೆಯುತ್ತಿದ್ದರೆ, ಹೊಸದಾಗಿ ಹಾಕುವುದೊಂದೇ ನಾನು ನಂಬುವ ದಾರಿ, ಏಕೆಂದರೆ ಪಿಂಚಣಿಯ ಹಣ ಇರುವ ಖಾತೆಯನ್ನು ‘ಬಹುಶಃ ಶುಚಿಯಾಗಿದೆ’ ಎನ್ನುವ ಕಂಪ್ಯೂಟರಿನಲ್ಲಿ ತೆರೆಯಬಾರದು. ವಿಂಡೋಸ್ ಸೆಟ್ಟಿಂಗ್‌ಗಳನ್ನು ಹಿಂದಿನ ಸ್ಥಿತಿಗೆ ಒಯ್ಯುವ ಸಿಸ್ಟಮ್ ರೀಸ್ಟೋರ್ ಇದಕ್ಕೆ ಬದಲಿಯಲ್ಲ, ಅದು ಇಂಥ ಕೆಡುಕಿನ ತಂತ್ರಾಂಶ ತೆಗೆಯಲೆಂದು ಮಾಡಿದ ಸೌಲಭ್ಯವೂ ಅಲ್ಲ. 8 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ನಿಮ್ಮ ಲ್ಯಾಪ್‌ಟಾಪಿನಿಂದ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲ್ ಬಳಸಿ ವಿಂಡೋಸ್ ಸಿದ್ಧಪಡಿಸಿಕೊಂಡು ಹೋಗಿ. ಫೋಟೋ, ದಾಖಲೆಪತ್ರ, ಬುಕ್‌ಮಾರ್ಕ್ ಹಾಗೂ ಫಾಂಟ್ಸ್ ಫೋಲ್ಡರಿನ ಕನ್ನಡ ಫಾಂಟುಗಳನ್ನು ಮಾತ್ರ ಬೇರೆ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಮತ್ತೆ ಬಳಸುವ ಮುನ್ನ ಸ್ಕ್ಯಾನ್ ಮಾಡಿ. ಇನ್‌ಸ್ಟಾಲ್ ಮಾಡುವ ಫೈಲುಗಳಾವುದನ್ನೂ ಉಳಿಸಬೇಡಿ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಆಧಾರ್, ಪಾನ್ ಪ್ರತಿಗಳಿದ್ದರೆ ಅವೂ ಹೊರಗೆ ಹೋಗಿವೆ ಎಂದೇ ಭಾವಿಸಿ, ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಸುವುದು ಕ್ಷೇಮ. ಆದರೆ ಬೆರಳಚ್ಚು ಕೊಡಬೇಕಾದಾಗ, ಉದಾಹರಣೆಗೆ ಪಿಂಚಣಿಯ ಜೀವನ ಪ್ರಮಾಣಪತ್ರದ ಸಮಯದಲ್ಲಿ, ಅದನ್ನು ತೆರೆಯಬೇಕಾಗುತ್ತದೆ ಎಂದು ಅವರಿಗೆ ಬರೆದುಕೊಡಿ.

ವಿಂಡೋಸ್ 10 ಆಗಿದ್ದರೆ ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರು ನೋಂದಾಯಿಸಿಕೊಂಡರೆ ಭದ್ರತಾ ಅಪ್‌ಡೇಟುಗಳು 2026ರ ಅಕ್ಟೋಬರ್ 13ರವರೆಗೆ ಸಿಗುವ ವ್ಯವಸ್ಥೆಯಿದೆ. ಕಂಪ್ಯೂಟರ್ ವಿಂಡೋಸ್ 11ಕ್ಕೆ ಒಗ್ಗುವಂತಿದ್ದರೆ ಹೊಸದಾಗಿ ಹಾಕುವಾಗಲೇ ಅದನ್ನು ಹಾಕಿ.

ಕೆಲಸ ಮುಗಿದ ಮೇಲೆ ತಂದೆಯವರ ನಿತ್ಯದ ಬಳಕೆಗೆ ಸ್ಟ್ಯಾಂಡರ್ಡ್ ಖಾತೆಯೊಂದನ್ನು ಮಾಡಿಕೊಡಿ. ಹೊಸ ತಂತ್ರಾಂಶ ವ್ಯವಸ್ಥೆಯ ಆಳಕ್ಕೆ ಕೈಹಾಕಲು ಹೊರಟಾಗ ಅದು ಅಡ್ಮಿನ್ ಪಾಸ್‌ವರ್ಡ್ ಕೇಳಿ ನಿಲ್ಲುತ್ತದೆ. ಆ ಪಾಸ್‌ವರ್ಡನ್ನು ನಿಮ್ಮಲ್ಲೇ ಇಟ್ಟುಕೊಳ್ಳದೆ ಅವರ ಡೈರಿಯಲ್ಲೂ ಬರೆಯಿಸಿ; ಕಂಪ್ಯೂಟರ್ ಅವರದು. ಅವರ ಒಳಿತಿಗೆಂದೇ ಆದರೂ ಅವರಿಗೆ ಹೇಳದೆ ನೀವು ಯಾವ ನಿಗಾ ತಂತ್ರಾಂಶವನ್ನೂ ಹಾಕಬೇಡಿ. ಮುಂದೆ ಬೆಂಗಳೂರಿನಿಂದ ಸಹಾಯ ಮಾಡಬೇಕಾದಾಗ ವಿಂಡೋಸ್‌ನದೇ ಆದ ಕ್ವಿಕ್ ಅಸಿಸ್ಟ್ ಸಾಕು. ಅದರಲ್ಲಿ ಪ್ರತಿ ಸಲವೂ ನೀವು ಕೊಟ್ಟ ಕೋಡನ್ನು ಅವರು ಟೈಪ್ ಮಾಡಿ, ಅನುಮತಿ ಒತ್ತಿದರೆ ಮಾತ್ರ ನಿಮಗೆ ಪರದೆ ಕಾಣುತ್ತದೆ. ಆದರೆ ವಂಚಕರೂ ಇದನ್ನೇ ಬಳಸುತ್ತಾರೆ. ಆದ್ದರಿಂದ ನಿಮ್ಮ ಧ್ವನಿ ಗುರುತಿಸದೆ ಯಾರು ಹೇಳಿದರೂ ಕೋಡ್ ಹಾಕಬಾರದೆಂದು ಇಬ್ಬರೂ ಮಾತಾಡಿಕೊಳ್ಳಿ. ಶುಚಿಗೊಳಿಸಿದ ಕಂಪ್ಯೂಟರಿನಲ್ಲಿ ಮೊದಲ ಬಾರಿ ಲಾಗಿನ್ ಆದ ಬಳಿಕ ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡನ್ನು ಮೊಬೈಲಿನಿಂದಲೇ ಇನ್ನೊಮ್ಮೆ ಬದಲಿಸಿ, ಅವನ್ನು ಬ್ರೌಸರಿನಲ್ಲಿ ಉಳಿಸದಿರಿ. ಎರಡು ವಾರ ಬಿಟ್ಟು ಡಿಫೆಂಡರಿನ ಪ್ರೊಟೆಕ್ಷನ್ ಹಿಸ್ಟರಿ, ಎಕ್ಸ್‌ಕ್ಲೂಶನ್ಸ್ ಪಟ್ಟಿ ಹಾಗೂ ಟಾಸ್ಕ್ ಶೆಡ್ಯೂಲರನ್ನು ಮತ್ತೆ ನೋಡಿ. ಅಷ್ಟರಲ್ಲಿ ಹೊಸದೇನೂ ಸೇರಿರದಿದ್ದರೆ ನೆಟ್ ಬ್ಯಾಂಕಿಂಗನ್ನು ಆ ಕಂಪ್ಯೂಟರಿನಲ್ಲಿ ಮತ್ತೆ ಆರಂಭಿಸಬಹುದು; ಅಲ್ಲಿಯವರೆಗೆ ಪಿಂಚಣಿ ಬಂತೇ ಎಂದು ನೋಡಲು ಅವರು ಪಾಸ್‌ಬುಕ್ಕನ್ನೋ ಮೊಬೈಲಿಗೆ ಬರುವ ಎಸ್ಎಂಎಸ್ಸನ್ನೋ ನೆಚ್ಚಿಕೊಳ್ಳಲಿ.